ದೊಡ್ಡಯ್ಯನ ಮೈಮೇಲಿನ ಗುರುತುಗಳು

ಬಂದೂಕಿನ ಬಾಯಿಯನ್ನು ಯಾವ ದಿಕ್ಕಿಗೆ ತಿರುಗಿಸಿ ಇಡಬೇಕು ಎಂಬುದೇ ನಮಗೆ ಎದುರಾದ ಮೊದಲ ಪ್ರಶ್ನೆ. ಹೊಸೂರಿನ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಲ್ಯಾಬಿಗೆ ಬರುವುದು ಪಂಪಿನ ಬಾಡಿ, ವಾಲ್ವು, ಲಾರಿಯ ಬಿಡಿಭಾಗಗಳು. ಅವುಗಳನ್ನು ಕೊಯ್ಯದೆ, ಒಡೆಯದೆ, ಒಳಗೆ ಬಿರುಕೋ ಗಾಳಿಗುಳ್ಳೆಯೋ ಇದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಅವು ಎತ್ತ ಮುಖ ಮಾಡಿ ಕೂತರೂ ಯಾರಿಗೂ ಅಪಾಯವಿಲ್ಲ. ಇದು ಹಾಗಲ್ಲ. ಅರಿಶಿನ ಬಣ್ಣದ ಬಟ್ಟೆ ಸುತ್ತಿದ್ದ ಉದ್ದನೆಯ ಗಂಟನ್ನು ಜೀಪಿನಿಂದ ಇಳಿಸಿ ತಂದ ಇನ್ಸ್‌ಪೆಕ್ಟರ್, ಒಳಗೆ ತೋಟಾ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದರು. ಹಾಗೆಂದ ಕೂಡಲೇ ಮೇಜಿನ ಎದುರಿಗಿದ್ದವರೆಲ್ಲ ಮೆಲ್ಲಗೆ ಪಕ್ಕಕ್ಕೆ ಸರಿದರು.

ಕೊನೆಗೆ ಮರಳಿನ ಚೀಲ ತರಿಸಿ, ರೇಡಿಯೋಗ್ರಫಿ ಕೋಣೆಯ ದಪ್ಪ ಕಾಂಕ್ರೀಟ್ ಗೋಡೆಯ ಕಡೆಗೆ ಬಾಯಿ ಮಾಡಿ ಮಲಗಿಸಿದೆವು. ಬಟ್ಟೆ ಬಿಚ್ಚಿದ್ದು ಬಂದೂಕಿನ ಮನೆಯಾತ. ನಲವತ್ತರ ಆಸುಪಾಸಿನ ರೈತ; ರಾಗಿ, ಟೊಮ್ಯಾಟೊ ಬೆಳೆಯುತ್ತ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸವನ್ನೂ ಮಾಡುತ್ತಿದ್ದ. ಕೋಣೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟುಬಂದ. ಇಲ್ಲಿ ಸೇಫ್ಟಿ ಶೂ ಇಲ್ಲದೆ ಕಾಲಿಡುವಂತಿಲ್ಲ ಎಂದು ನಾನು ಹೇಳಿದರೆ, ಶೂ ಹಾಕಿಕೊಂಡು ದೊಡ್ಡಯ್ಯನನ್ನು ಮುಟ್ಟುವುದು ಹೇಗೆ ಎಂದು ಅವನು ನಿಂತ. ನಮ್ಮ ನಿಯಮ ಗೆಲ್ಲಲಿಲ್ಲ. "ದೇವರಿಗೇ ಎಕ್ಸ್‌ರೇ ತೆಗೀತಿದ್ದೀವಿ, ಮಂಗಳಾರತಿ ತಟ್ಟೆ ಇಡೋಣ್ವಾ ಮೇಡಂ?" ಎಂದು ನನ್ನ ಸಹೋದ್ಯೋಗಿ ಕಿವಿಯಲ್ಲಿ ಕೇಳಿದ. ಆ ಮನೆಯಾತ ನಕ್ಕನೆಂದು ನನ್ನ ನೆನಪು. ಆಗ ನಾನು ಬರೆಯುತ್ತಿದ್ದ ದಿನಚರಿಯಲ್ಲಿ ಹಾಗೆ ಬರೆದಿಲ್ಲ. ಅವನು ನಗುವ ಸ್ಥಿತಿಯಲ್ಲಿ ಇರಲೂ ಇಲ್ಲ.

ವಿಷಯ ಇಷ್ಟು. ಡೆಂಕಣಿಕೋಟೆ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ, ಲೈಸೆನ್ಸ್ ಇಲ್ಲದ ಬಂದೂಕುಗಳನ್ನು ಗಡುವಿನೊಳಗೆ ತಂದೊಪ್ಪಿಸಿ, ಒಪ್ಪಿಸಿದವರ ಮೇಲೆ ಕೇಸಿಲ್ಲ ಎಂದು ಪೊಲೀಸರು ಆಟೋಗೆ ಮೈಕ್ ಕಟ್ಟಿ ಸಾರಿಸಿದ್ದರು. ಈ ಮನೆಯವರಿಗೆ ಅದು ತಮಗೆ ಹೇಳಿದ್ದೆಂದು ಅನ್ನಿಸಲೇ ಇಲ್ಲ. ಅವರ ಮನೆಯಲ್ಲಿದ್ದದ್ದು ಬಂದೂಕಲ್ಲ, ದೊಡ್ಡಯ್ಯ. ದೇವರ ಗೂಡಿನ ಪಕ್ಕ ನಿಂತು ದಿನವೂ ದೀಪ ಕಾಣುವ, ಆಯುಧಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿಸಿಕೊಳ್ಳುವ ಮನೆಯ ಹಿರಿಯ. ಆ ವರ್ಷ ನೆಂಟರೊಬ್ಬರು ಪೂಜೆಯ ಫೋಟೋವನ್ನು ಫೋನಿನ ಸ್ಟೇಟಸ್ಸಿಗೆ ಹಾಕಿದರು. ಗಡುವು ಮುಗಿದ ಮೇಲೆ ಪೊಲೀಸರು ಬಂದರು.

ಹಳೆಯ ಮಾದರಿಯ ಆಯುಧವಾಗಿದ್ದು, ರಿಪೇರಿ ಮಾಡಿದರೂ ಹಾರಿಸಲಾಗದಂಥದ್ದಾದರೆ ಕಾನೂನು ಅದನ್ನು ಬಿಟ್ಟುಬಿಡುತ್ತದೆಯಂತೆ. ಹಾರಿಸಬಹುದಾದರೆ ಮನೆಯಾತನ ಮೇಲೆ ಕೇಸು, ಜೈಲು. ಎರಡರಲ್ಲಿ ಯಾವುದೆಂದು ಹೇಳಬೇಕಾದವರು ಪೊಲೀಸ್ ಇಲಾಖೆಯಲ್ಲಿ ಬಂದೂಕು ನೋಡಿಕೊಳ್ಳುವ ಆರ್ಮರರ್. ಅವರು ಮುಂದಿನ ವಾರ ಕೃಷ್ಣಗಿರಿಯಿಂದ ಬರುವವರಿದ್ದರು. ಆದರೆ ಒಳಗೆ ತೋಟಾ ಇಲ್ಲವೆಂದು ಖಾತ್ರಿಯಾಗದೆ ತಾನು ಕೈ ಹಚ್ಚುವುದಿಲ್ಲ ಎಂದಿದ್ದರು. ಬಂದೂಕಿನ ಅಡಿಯಲ್ಲಿ ಉದ್ದನೆಯ ಲಿವರ್ ಇತ್ತು. ಅದನ್ನು ಕೆಳಕ್ಕೆ ಎಳೆದರೆ ತೋಟಾ ಕೂರುವ ಗೂಡು ತೆರೆದುಕೊಳ್ಳಬೇಕು. ದೀಪದೆಣ್ಣೆ, ಕುಂಕುಮ, ಧೂಪದ ಮಸಿ ಎಲ್ಲ ಸಂದುಗಳಲ್ಲಿ ಗಟ್ಟಿಯಾಗಿ, ತುಕ್ಕೂ ಕೂಡಿಕೊಂಡು, ಲಿವರ್ ಅಲುಗುತ್ತಿರಲಿಲ್ಲ. ಬಲವಂತ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ನಮ್ಮಲ್ಲಿಗೆ.

ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪೊಲೀಸರು ಮನೆಗೆ ಹೋದ ದಿನ ಮನೆಯಾತನ ತಾಯಿ ಬಾಗಿಲಿಗೆ ಅಡ್ಡ ನಿಂತು ಹೇಳಿದ ಮಾತನ್ನು ಇನ್ಸ್‌ಪೆಕ್ಟರ್ ಬರೆದುಕೊಂಡಿದ್ದರು. ಇದೇನು ಬೊಂಬೆ ಅಂದುಕೊಂಡಿರಾ, ನಮ್ಮ ಮಾವ ಇದರಲ್ಲೇ ಆನೆ ಓಡಿಸಿದ್ದರು, ಹಾರಿದ ಸದ್ದನ್ನು ನನ್ನ ಕಿವಿಯಾರ ಕೇಳಿದ್ದೇನೆ ಎಂದಿದ್ದಳಂತೆ ಆ ಅಜ್ಜಿ. ಹೆಬ್ಬೆಟ್ಟನ್ನೂ ಒತ್ತಿಕೊಟ್ಟಿದ್ದಳು.

ಮೊದಲ ಫಿಲ್ಮನ್ನು ಪಕ್ಕದಿಂದ ತೆಗೆದೆವು. ಬಂದೂಕಿನ ಒಂದು ಮಗ್ಗುಲಿಗೆ ಕಿರಣ ಸೂಸುವ ಇರಿಡಿಯಂ ಮೂಲ, ಇನ್ನೊಂದು ಮಗ್ಗುಲಿಗೆ ಫಿಲ್ಮ್. ಕಿರಣ ದಾಟಿದಲ್ಲಿ ಫಿಲ್ಮ್ ಕಪ್ಪಾಗುತ್ತದೆ, ತಡೆದಲ್ಲಿ ಬೆಳ್ಳಗೆ ಉಳಿಯುತ್ತದೆ. ತೊಳೆದು ಒಣಗಿಸಿ ದೀಪದ ಪೆಟ್ಟಿಗೆಯ ಮೇಲೆ ಇಟ್ಟಾಗ ನಳಿಗೆಯ ಬುಡದಲ್ಲಿ, ತೋಟಾ ಗೂಡಿನ ನಡುವೆಯೇ, ಬೆರಳ ತುದಿಯಷ್ಟು ಗಾತ್ರದ ಬಿಳಿ ಚುಕ್ಕೆ ಕಂಡಿತು. ಸುತ್ತಲ ಉಕ್ಕಿಗಿಂತ ಬಿಳಿ. ಅಂದರೆ ಉಕ್ಕಿಗಿಂತ ಭಾರದ ಲೋಹ. ಸೀಸ ಹಾಗೆ ಕಾಣುತ್ತದೆ. ಗುಂಡು ಸೀಸದ್ದೇ.

ನಾನು ಇನ್ನೊಂದು ದಿಕ್ಕಿನಿಂದ ನೋಡದೆ ಏನೂ ಹೇಳುವುದಿಲ್ಲ ಎಂದೆ. ಆದರೆ ನಮ್ಮ ಮ್ಯಾನೇಜರ್ ಹೆದರಿದ್ದರು. ಲ್ಯಾಬಿನಲ್ಲಿ ತೋಟಾ ತುಂಬಿದ ಬಂದೂಕು ಇಟ್ಟುಕೊಂಡು ಕೂರುವುದು ಸಣ್ಣ ವಿಷಯವಲ್ಲ. ಅವರು ಆಚೆ ಹೋಗಿ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿ, ತೋಟಾ ಇರುವ ಹಾಗೆ ಕಾಣುತ್ತಿದೆ ಎಂದುಬಿಟ್ಟರು. ಅರ್ಧ ಗಂಟೆಯಲ್ಲಿ ಜೀಪು ಬಂತು. ಹೊರಗೆ ಬೇವಿನ ಮರದಡಿ ಕಾಯುತ್ತಿದ್ದ ಮನೆಯಾತನನ್ನು ಕರೆದುಕೊಂಡು ಹೋಯಿತು. ಹೋಗುವಾಗ ಅವನು ಕಿಟಕಿಯ ಹತ್ತಿರ ಬಂದು, "ಮೇಡಂ, ದೊಡ್ಡಯ್ಯನ್ನ ಬರಿ ನೆಲದ ಮೇಲೆ ಮಡಗ್ಬ್ಯಾಡಿ" ಎಂದ.

ಎರಡನೆಯ ಫಿಲ್ಮ್ ಮೇಲಿನಿಂದ. ಒಣಗುವವರೆಗೆ ಕಾಯಲಾಗದೆ ಒದ್ದೆ ಫಿಲ್ಮನ್ನೇ ಎತ್ತಿ ಹಿಡಿದು ನೋಡಿದೆ. ತೋಟಾ ಇದ್ದಿದ್ದರೆ ಆ ಬಿಳುಪು ನಳಿಗೆಯ ಉದ್ದಕ್ಕೆ ಮಲಗಿರಬೇಕಿತ್ತು. ಅದು ಅಡ್ಡಕ್ಕಿತ್ತು. ನಳಿಗೆಯ ಒಳಗಲ್ಲ, ಗೋಡೆಯಲ್ಲಿ. ಬಲಮಗ್ಗುಲ ಗೋಡೆಯಲ್ಲಿ ಒಂದು ತೂತಿತ್ತು. ಯಾರೋ ಅದಕ್ಕೆ ಬೇರೊಂದು ಲೋಹದ ಬಿರಡೆ ಕೂರಿಸಿ ಮುಚ್ಚಿದ್ದರು. ಗೂಡಿನ ಒಳಗೆ ಏನೂ ಇರಲಿಲ್ಲ. ಒಂದೇ ಕಡೆಯಿಂದ ನೋಡಿದಾಗ ಗೋಡೆಯಲ್ಲಿರುವುದೂ ನಡುವೆ ಇರುವುದೂ ಒಂದರ ಮೇಲೊಂದು ಬಿದ್ದು ಒಂದೇ ಆಗಿ ಕಾಣುತ್ತವೆ. ಇದು ನನ್ನ ವೃತ್ತಿಯ ಮೊದಲ ಪಾಠ.

ತೋಟಾ ಇಲ್ಲವೆಂದು ನಾನೇ ಫೋನ್ ಮಾಡಿದೆ. ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟರು. ದಿನವೂ ಠಾಣೆಗೆ ಬಂದು ಮುಖ ತೋರಿಸಬೇಕೆಂಬ ಷರತ್ತಿನ ಮೇಲೆ ಮನೆಯಾತನನ್ನು ಕಳಿಸಿದರು. ಲ್ಯಾಬಿನ ಕೆಲಸ ಅಲ್ಲಿಗೆ ಮುಗಿದಿತ್ತು. ನಾನು ಬಿಡಲಿಲ್ಲ. ಬಂದೂಕಿನಲ್ಲಿ ತೂತೇಕೆ? ಅದನ್ನು ಮುಚ್ಚಿದ್ದು ಯಾರು? ಒತ್ತಡ ತಡೆಯಲಾಗದೆ ಒಡೆದ ನಳಿಗೆ ಹರಿದು ಸುರುಳಿಯಾಗುತ್ತದೆ, ಸುತ್ತ ಬಿರುಕು ಹರಡುತ್ತದೆ. ಇಲ್ಲಿ ಅಂಚು ನೆಟ್ಟಗೆ, ಗುಂಡಗೆ ಇತ್ತು. ಡ್ರಿಲ್ ಹಾಕಿದ ತೂತು.

ಹಳೆಯ ಮಿಲಿಟರಿ ರೈಫಲ್ಲುಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದುತ್ತ ಹೋದೆ. ಲಿವರಿನ ಆಕಾರದಿಂದ ಇದು ಬ್ರಿಟಿಷರ ಕಾಲದ ಮಾರ್ಟಿನಿ ಮಾದರಿ ಎಂದು ತಿಳಿಯಿತು. ಇಂಥವು ಹಳತಾದಾಗ ಕೆಲವನ್ನು ಸೈನ್ಯದವರು ಕವಾಯತಿಗೆ ಮಾತ್ರ ಇಟ್ಟುಕೊಳ್ಳುತ್ತಿದ್ದರಂತೆ. ಯಾರೂ ತಪ್ಪಿ ತೋಟಾ ಹಾಕಿ ಹಾರಿಸದಿರಲೆಂದು ನಳಿಗೆಯ ಬುಡದಲ್ಲಿ ತೂತು ಕೊರೆದು, ಡಿ ಮತ್ತು ಪಿ ಎಂಬ ಎರಡು ಅಕ್ಷರ ಗುದ್ದುತ್ತಿದ್ದರಂತೆ. ಡ್ರಿಲ್ ಪರ್ಪಸ್, ಅಂದರೆ ಕವಾಯತಿಗೆ ಮಾತ್ರ. ಆ ಎರಡು ಅಕ್ಷರ ಇದರ ಮೈಮೇಲೆ ಇದ್ದರೆ ಮನೆಯಾತ ಉಳಿದುಕೊಳ್ಳುತ್ತಾನೆ.

ಆದರೆ ಮೈಮೇಲೆ ಏನೂ ಉಳಿದಿರಲಿಲ್ಲ. ವರ್ಷ ವರ್ಷವೂ ಹುಣಸೆಹಣ್ಣಿನ ಹುಳಿಯಲ್ಲಿ, ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಉಕ್ಕು ನದಿಯ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಅಷ್ಟು ಭಕ್ತಿಯಿಂದ ಅಳಿಸಿಹೋದ ಗುರುತುಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗುದ್ದಿದ ಅಕ್ಷರ ಸವೆದರೂ ಅದರ ಅಡಿಯ ಲೋಹ ಆ ಪೆಟ್ಟಿಗೆ ಬಿಗಿದುಕೊಂಡೇ ಇರುತ್ತದೆ. ಅಲ್ಲಿ ಕಾಂತ ಹಿಡಿದು, ಹೊಳೆಯುವ ಕಬ್ಬಿಣದ ಪುಡಿ ಕಲಸಿದ ದ್ರವ ಹರಿಸಿ, ಕತ್ತಲ ಗೂಡಿನಲ್ಲಿ ನೇರಳೆ ದೀಪ ಹಿಡಿದರೆ ಪುಡಿ ಆ ಗೆರೆಗಳಲ್ಲಿ ನಿಲ್ಲಬಹುದು. ನಾವು ದಿನವೂ ಬಿರುಕು ಹುಡುಕುವುದು ಹೀಗೆಯೇ. ಶುರು ಮಾಡುವ ಹೊತ್ತಿಗೆ ನೇರಳೆ ದೀಪ ಕೆಟ್ಟಿತು. ಗಡಿಯಾಚೆಯ ಒಂದು ಅಂಗಡಿಯಲ್ಲಿ ಬಲ್ಬ್ ಸಿಗುತ್ತದೆಂದು ಹೊರಟೆ. ಬರುವಾಗ ಜೂಜುವಾಡಿಯ ಗಡಿ ಚೌಕಿಯಲ್ಲಿ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡೆ. ಬಲ್ಬನ್ನು ಮಡಿಲಲ್ಲಿಟ್ಟುಕೊಂಡು, ಈ ಕೆಲಸವನ್ನು ನನಗೆ ಯಾರೂ ಒಪ್ಪಿಸಿಲ್ಲವಲ್ಲ, ಅಕ್ಷರ ಸಿಗದಿದ್ದರೆ ಏನು ಮಾಡುತ್ತೇನೆ, ಸಿಗಲಿ ಎಂದು ಆಸೆಪಡುತ್ತಿರುವ ಕಣ್ಣು ನೋಡಿದ್ದನ್ನು ಎಷ್ಟು ನಂಬಬಹುದು ಎಂದೆಲ್ಲ ಯೋಚಿಸುತ್ತ ಕೂತೆ. ಮುಂದಿನ ಲಾರಿ ಸರಿದದ್ದು ಹಿಂದಿನವನು ಹಾರ್ನ್ ಮಾಡಿದಾಗಲೇ ನನಗೆ ತಿಳಿದದ್ದು.

ಬಂದೂಕಿನ ಬಲಮಗ್ಗುಲಿನ ಚಪ್ಪಟೆ ಉಕ್ಕಿನ ಮೇಲೆ ಮೊದಲು ಕಾಂತ ಹಿಡಿದಾಗ ಬರೀ ಅಡ್ಡಗೆರೆಗಳು ಕಂಡವು. ಓದಲು ಆಗಲಿಲ್ಲ. ಕಾಂತದ ಹಿಡಿತವನ್ನು ಕಾಲು ಸುತ್ತು ತಿರುಗಿಸಿದೆ. ಉದ್ದಗೆರೆಗಳು ಬಂದವು, ಅಡ್ಡಗೆರೆಗಳು ಮಾಯವಾದವು. ಎರಡರ ಫೋಟೋವನ್ನೂ ತೆಗೆದು ಒಂದರ ಮೇಲೊಂದು ಇಟ್ಟಾಗ ಒಂದು ಕಿರೀಟ, ಅದರಡಿ ವಿ ಮತ್ತು ಆರ್, ಆಗಿನ ಬ್ರಿಟಿಷ್ ರಾಣಿಯ ಗುರುತು. ಕೆಳಗೆ ವರ್ಷ, ನಾಲ್ಕು ಅಂಕಿಗಳಲ್ಲಿ ಒಂದು ಮತ್ತು ಎಂಟು ಮಾತ್ರ ಉಳಿದಿದ್ದವು. ಪಕ್ಕದಲ್ಲಿ ಸರ್ಕಾರದ ಸ್ವತ್ತು ಎಂದು ಹಾಕುತ್ತಿದ್ದ ಬಾಣದ ಗುರುತು. ನಳಿಗೆಯ ಬುಡಕ್ಕೆ ಬಂದೆ. ಬಿರಡೆಯ ಪಕ್ಕದಲ್ಲಿ ಏನೋ ಹೊಳೆಯಿತು. ನನಗೆ ಅದು ಡಿ ಎಂದು ಕಂಡಿತು.

ಕಂಡದ್ದರಿಂದಲೇ ನನಗೆ ಅನುಮಾನ ಬಂತು. ಹಿಂದಿನ ದಿನವೆಲ್ಲ ಆ ಅಕ್ಷರದ ಬಗ್ಗೆಯೇ ಓದಿದವಳಿಗೆ ಯಾವ ಗೀರೂ ಡಿ ಆಗಬಹುದು. ಈ ಓದಿನ ವಿಷಯ ಏನೂ ತಿಳಿಯದ ಸಹೋದ್ಯೋಗಿಯನ್ನು ಕರೆದು, ಏನು ಕಾಣುತ್ತದೋ ಅದನ್ನೇ ಬರೆ ಎಂದು ಕಾಗದ ಕೊಟ್ಟೆ. ಕಾಂತವನ್ನು ಎರಡು ದಿಕ್ಕಿಗೂ ಹಿಡಿದೆ. ಅವನು ಗೊಣಗುತ್ತ ಎರಡು ಆಕಾರ ಬರೆದ. ಮೊದಲನೆಯದು ಡಿ. ಎರಡನೆಯದರ ಉದ್ದಗೆರೆ ಪೂರ್ತಿ, ಮೇಲಿನ ಬಳುಕು ಅರ್ಧ. ಪಿ ಇರಬಹುದು, ಎಫ್ ಕೂಡ ಇರಬಹುದು ಎಂದ. ನಾನು ವರದಿಯ ಕರಡಿನಲ್ಲಿ ಹಾಗೆಯೇ ಬರೆದೆ: ಮೊದಲನೆಯದು ಸ್ಪಷ್ಟ, ಎರಡನೆಯದು ಬಹುಶಃ ಪಿ.

ಇನ್ನು ಉಳಿದದ್ದು ಬಿರಡೆ. ಅದರ ಬಗ್ಗೆ ಕೇಳಲು ಅವರ ಮನೆಗೆ ಹೋದೆ. ಡೆಂಕಣಿಕೋಟೆ ದಾಟಿದ ಮೇಲೆ ರಾಗಿ ಹೊಲಗಳ ಸುತ್ತ ಸೋಲಾರ್ ತಂತಿ. ಒಂದು ಕಡೆ ಆನೆ ತುಳಿದು ಮಲಗಿಸಿದ ಬೇಲಿ ಹಾಗೇ ಬಿದ್ದಿತ್ತು. ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮಗ ಶಿಫ್ಟಿಗೆ ಹೋಗಿರಲಿಲ್ಲ. ಠಾಣೆಗೆ ಹೋಗಿ ಬಂದು, ಎತ್ತ ಕೂರುವುದೆಂದು ತಿಳಿಯದವನ ಹಾಗೆ ಅಂಗಳದಲ್ಲಿ ಓಡಾಡುತ್ತಿದ್ದ.

"ನೀನೇನಾ ನಮ್ ದೊಡ್ಡಯ್ಯನ್ನ ಮಲಗಿಸ್ಕೊಂಡು ಪಟ ತೆಗ್ದೋಳು" ಎಂದಳು ಅಜ್ಜಿ, ತಲೆ ಎತ್ತದೆ. ಹೌದೆಂದೆ. ಪೂಜೆ ಹೇಗೆ ನಡೆಯುತ್ತಿದೆ ಎಂದು ಕೇಳಿದಳು. ದಿನವೂ ದೀಪ ಹಚ್ಚುತ್ತಿಲ್ಲ ಎಂದು ಒಪ್ಪಿಕೊಂಡೆ. "ದೊಡ್ಡಯ್ಯ ಪೋಲೀಸ್ ಮನೆ ಮೈಲ್ಗೆ ಮುಟ್ಕೊಂಡವ್ನೆ, ಒಂದೆರ್ಡು ದಿನ ಉಪಾಸ ಇರ್ಲಿ ಬುಡು" ಎಂದಳು.

ಬಿರಡೆಯ ಮಾತೆತ್ತಿದಾಗ ಅವಳೇ ಎಲ್ಲವನ್ನೂ ಹೇಳಿದಳು. ಅವಳು ಮದುವೆಯಾಗಿ ಬಂದ ಹೊಸತು. ತೆನೆಗಟ್ಟಿದ ರಾಗಿಗೆ ಆನೆಗಳು ಇಳಿದಿದ್ದವು. ಗಂಡಸರೆಲ್ಲ ತಮಟೆ, ಪಂಜು ಹಿಡಿದು ಹೊಲಕ್ಕೆ ಓಡಿದರು. ಅತ್ತೆ ಇವಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು. ಆಗ ಆ ಸದ್ದಾಯಿತು. "ಗೋಡೆ ಗೂಡಿನಾಗಿದ್ದ ಮಡ್ಕೆ ಅಲ್ಲಾಡೋಗಂಗೆ ಸದ್ದು ಕಣಮ್ಮ. ನಮ್ಮತ್ತೆ ನನ್ ಕೈ ಹಿಡ್ಕೊಂಡಿದ್ದೋಳು ಬುಟ್ಬುಟ್ಲು." ಸ್ವಲ್ಪ ಹೊತ್ತಿಗೆ ಮಾವ ಬಂದೂಕನ್ನು ಹೆಗಲ ಮೇಲೆ ಹೊತ್ತು ಬಂದರು. ಆನೆ ಹೋಯಿತು ಎಂದಷ್ಟೇ ಹೇಳಿದರು. ಹಾರಿದ ಏಟಿಗೆ ನಳಿಗೆ ಒಡೆದಿತ್ತಂತೆ. ಆಚಾರಿಯನ್ನು ಕರೆಸಿ, ದೇವರ ವಿಗ್ರಹಕ್ಕೆ ಹುಯ್ಯುವ ಪಂಚಲೋಹವನ್ನೇ ಹುಯ್ಯಿಸಿ ಮುಚ್ಚಿಸಿದರು. ಯಾಕೆ ಮುಚ್ಚಿಸಿದರು ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಭಿನ್ನ ಆದ ದ್ಯಾವ್ರನ್ನ ಯಾರಾನ ಮನ್ಯಾಗೆ ಮಡಿಕ್ಕೊಂಡು ಪೂಜೆ ಮಾಡ್ತಾರಾ?"

ಒಡೆದ ನಳಿಗೆಯನ್ನು ನೀವು ಕಣ್ಣಾರೆ ನೋಡಿದ್ದಿರಾ ಎಂದೆ. ನಮ್ಮತ್ತೆ ಹೇಳುತ್ತಿದ್ದರು ಎಂದಳು. ನಾನು ಫಿಲ್ಮಿನ ವಿಷಯ ಹೇಳಲಿಲ್ಲ. ಬ್ಯಾಗಿನಲ್ಲಿ ಅದಿತ್ತು. ಎದುರಿಗೆ ಅಜ್ಜಿ ಇಷ್ಟು ವರ್ಷ ಕಿವಿಯಲ್ಲಿ ಇಟ್ಟುಕೊಂಡು ಬಂದ ಒಂದು ಸದ್ದಿತ್ತು. ಬೊಗಸೆ ಅವರೆಕಾಳನ್ನು ಮಡಿಲಿಗೆ ಹಾಕಿಸಿಕೊಂಡು ಹೊರಟೆ. ಹೇಳದೇ ಬಂದದ್ದು ದಯೆಯೋ ಪುಕ್ಕಲುತನವೋ ಎಂದು ದಿನಚರಿಯ ಆ ದಿನದ ಪುಟದಲ್ಲಿ ಬರೆದು, ಎರಡನ್ನೂ ಹೊಡೆದುಹಾಕಿದ್ದೇನೆ.

ಆರ್ಮರರ್ ಬರುವ ಹಿಂದಿನ ದಿನ ಇನ್ಸ್‌ಪೆಕ್ಟರ್ ಫೋನ್ ಮಾಡಿದರು. ದಕ್ಷಿಣದ ಜಿಲ್ಲೆಯವರು, ತಮಿಳಿನಲ್ಲಿ ಮೆತ್ತಗೆ ಮಾತಾಡುವವರು. ಆ ಮನೆಯಾತ ಒಳ್ಳೆಯವನು, ನನಗೂ ಅವನನ್ನು ಒಳಗೆ ಹಾಕುವ ಆಸೆಯಿಲ್ಲ ಎಂದರು. ಆದರೆ ತಾಯಿಯ ಹೇಳಿಕೆ ಫೈಲಿನಲ್ಲಿದೆ. ಈ ಬಂದೂಕು ಎಂದೂ ಹಾರಿಲ್ಲ ಎಂದು ನೀವು ಲ್ಯಾಬಿನಿಂದ ಒಂದು ಸಾಲು ಬರೆದುಕೊಟ್ಟರೆ ಮುದುಕಿಯ ಮಾತು ತಾನಾಗಿ ಬಿದ್ದುಹೋಗುತ್ತದೆ ಎಂದೂ ಸೇರಿಸಿದರು.

ನಾನು ಬರೆಯಲು ಕೂತೆ. ಬೇರೆಲ್ಲ ಪದ ಬಂತು, 'ಎಂದೂ' ಎಂಬುದು ಬರಲಿಲ್ಲ. ಕವಾಯತಿನ ಬಂದೂಕಾಗುವ ಮುಂಚೆ ಅದು ಒಬ್ಬ ಸಿಪಾಯಿಯ ಕೈಯಲ್ಲಿ ನಿಜವಾದ ಬಂದೂಕಾಗಿತ್ತು. ಆಗ ಎಷ್ಟು ಸಲ ಹಾರಿತ್ತೋ. ಇನ್ನು ಈ ಮನೆಯಲ್ಲಿ? ಬಿರಡೆ ಹಾಕಿದ ಮೇಲೆ ಯಾರೂ ಒಮ್ಮೆ ಪ್ರಯತ್ನಿಸಲಿಲ್ಲ ಎಂದು ನನ್ನ ಯಾವ ಫಿಲ್ಮ್ ಹೇಳುತ್ತದೆ? ಒಬ್ಬನನ್ನು ಉಳಿಸುವ ಸಾಲು ಕೈತುದಿಯಲ್ಲಿತ್ತು. ನಾಲ್ಕು ಸಲ ಕರಡು ಬದಲಾಯಿಸಿ, ಕೊನೆಗೆ ಗುರುತುಗಳು, ಅವು ಇರುವ ಜಾಗ, ತೂತಿನ ಅಂಚು, ಬಿರಡೆ, ಇಷ್ಟನ್ನೇ ಬರೆದು ಸಹಿ ಹಾಕಿದೆ. ಇನ್ಸ್‌ಪೆಕ್ಟರ್ ಓದಿ, ಹಾಳೆಯನ್ನು ಫೈಲಿಗೆ ಸೇರಿಸಿ ಮುಚ್ಚಿದರು.

ಮರುದಿನ ಠಾಣೆಯ ಹಿಂದಿನ ವರಾಂಡದಲ್ಲಿ ಎಲ್ಲರೂ ಸೇರಿದೆವು. ಆರ್ಮರರ್ ದಪ್ಪ ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಅಜ್ಜಿ ಕಂಬಕ್ಕೊರಗಿ ಕೂತಿದ್ದಳು, ಮಗ ನಿಂತಿದ್ದ. ಆರ್ಮರರ್ ನನ್ನ ಫಿಲ್ಮ್‌ಗಳನ್ನು ಬೆಳಕಿಗೆ ಹಿಡಿದು ನೋಡಿ, ಕವಾಯತಿನ ಬಂದೂಕು, ಸರಿ ಎಂದರು. ಆಮೇಲೆ ಬಿರಡೆಯ ಮೇಲೆ ಉಗುರಾಡಿಸುತ್ತ, ಆದರೆ ತೂತು ಮುಚ್ಚಿದ್ದಾರಲ್ಲ, ಮುಚ್ಚುವುದೂ ರಿಪೇರಿಯೇ. ಹಾರಿಸಲೆಂದೇ ಮುಚ್ಚಿದರು ಎಂದು ಯಾರಾದರೂ ಕೇಳಿದರೆ ನಾನೇನು ಉತ್ತರ ಕೊಡಲಿ ಎಂದರು. ಇದನ್ನು ತೆಗೆದು, ತೂತು ತೆರೆದೇ ಇರುವುದನ್ನು ನೋಡಿದ ಮೇಲೆ ಮಾತ್ರ ನಾನು ಬರೆಯುವುದು ಎಂದೂ ಹೇಳಿದರು.

ಅಷ್ಟೂ ತಮಿಳಿನಲ್ಲಿ ನಡೆಯಿತು. ಅಜ್ಜಿಗೆ ಅರ್ಥವಾಗಿತ್ತು. "ತೆಗೆಯಂಗಿಲ್ಲ" ಎಂದಳು.

ಮಗ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಅವ್ವಾ, ತೆಗೀಲಿ ಬುಡವ್ವ. ನಾನು ಒಳಗೋದ್ರೆ ಪೂಜೆ ಮಾಡೋರಾದ್ರೂ ಯಾರು?"

"ಸುಮ್ಕಿರ್ಲಾ. ತೂತು ಬಿದ್ದಿದ್ದನ್ನ ತಿರ್ಗಾ ಮನೆಗೆ ತತ್ತೀಯಾ? ಅದಕ್ಕಿಂತ ಬಾವಿಗೆ ಬುಡೋದು ವಾಸಿ."

ಆಗ ನಾನು ಹೇಳಬೇಕಾಯಿತು. ಫಿಲ್ಮನ್ನು ಅವಳ ಕಣ್ಣ ಮುಂದೆ ಆಕಾಶಕ್ಕೆ ಹಿಡಿದೆ. ಒಡೆದದ್ದಾದರೆ ಅಂಚು ಹರಿದಿರುತ್ತದೆ, ನೋಡಿ, ಇದು ಬಳೆಯ ಹಾಗೆ ದುಂಡಗಿದೆ. ಇದನ್ನು ಸೈನ್ಯದವರೇ ಕೊರೆದದ್ದು. ಕೊರೆದು, ಪಕ್ಕದಲ್ಲಿ ತಮ್ಮ ಗುರುತು ಗುದ್ದಿದ್ದಾರೆ. ನಿಮ್ಮ ಮನೆಗೆ ಬರುವಾಗಲೇ ಈ ತೂತು ಇತ್ತು ಎಂದೆ. ಅವಳು ಬಹಳ ಹೊತ್ತು ನೋಡಿದಳು. ಫಿಲ್ಮನ್ನೋ, ಅದರಾಚೆಯ ಆಕಾಶವನ್ನೋ ನನಗೆ ತಿಳಿಯಲಿಲ್ಲ.

"ಬರೋವಾಗ್ಲೇ ಇತ್ತಾ?"

"ಇತ್ತಮ್ಮ."

"ಅಂಗಾರೆ ಅದು ಭಿನ್ನ ಅಲ್ಲ" ಎಂದಳು. "ಹುಟ್ಟಿದಂಗೇ ಬಂದದೆ. ತೆಗೀರಿ."

ಆರ್ಮರರ್ ತುದಿ ಬೆಣೆಯಂತೆ ಓರೆಯಾಗಿದ್ದ ಹಿತ್ತಾಳೆಯ ಕಡ್ಡಿಯೊಂದನ್ನು ನಳಿಗೆಯೊಳಗಿಂದ ಇಳಿಸಿ, ಬಿರಡೆಯ ಬೆನ್ನಿಗೆ ಕೊಟ್ಟು, ಮರದ ಸುತ್ತಿಗೆಯಿಂದ ತಟ್ಟಿದರು. ಸುಲಭಕ್ಕೆ ಬರಲಿಲ್ಲ. ಆಚಾರಿ ಚೆನ್ನಾಗಿಯೇ ಕೂರಿಸಿದ್ದ. ಬಂದಾಗ ಮಗ ಅಂಗೈ ಚಾಚಿ ಅದನ್ನು ಹಿಡಿದುಕೊಂಡ. ಆಮೇಲೆ ಸಂದುಗಳಿಗೆ ಎಣ್ಣೆ ಬಿಟ್ಟು, ನೆನೆಯಲು ಕಾದು, ಲಿವರನ್ನು ಇಷ್ಟಿಷ್ಟೇ ಅಲುಗಿಸಿ, ಕೊನೆಗೆ ತೆರೆದರು. ಗೂಡು ಖಾಲಿಯಿತ್ತು. ಅವರು ಲಿವರ್ ಮುಚ್ಚಿ, ಬಂದೂಕನ್ನು ನೆಟ್ಟಗೆ ನಿಲ್ಲಿಸಿ, ನಳಿಗೆಯ ಬಾಯಿಯಿಂದ ಒಂದು ಪೆನ್ಸಿಲ್ ಇಳಿಬಿಟ್ಟರು. ತೋಟಾದ ಬೆನ್ನಿಗೆ ಹೊಡೆಯುವ ಮೊಳೆ ಸರಿಯಿದ್ದರೆ, ಕುದುರೆ ಎಳೆದಾಗ ಆ ಪೆನ್ಸಿಲ್ ಎಗರಬೇಕು. ಎಳೆದರು. ಒಳಗೆ ಟಕ್ ಎಂದಿತು, ಪೆನ್ಸಿಲ್ ಅಲುಗಲಿಲ್ಲ. ಮತ್ತೊಮ್ಮೆ. ಅಲುಗಲಿಲ್ಲ. ಮೊಳೆಯನ್ನು ಬಿಚ್ಚಿ ತೋರಿಸಿದರು. ಅದರ ತುದಿಯನ್ನು ಯಾವುದೋ ಕಾಲದಲ್ಲಿ ಕತ್ತರಿಸಿ ಅರದಿಂದ ಉಜ್ಜಿದ್ದರು. ಈ ತೋಟಾ ಈಗ ಎಲ್ಲೂ ಸಿಗುವುದೂ ಇಲ್ಲ, ಸಿಕ್ಕರೂ ಇದು ಅದನ್ನು ಹೊತ್ತಿಸಲಾರದು ಎಂದು ಬರೆಯತೊಡಗಿದರು. ಮಗ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ.

ಉಳಿದದ್ದು ಅಜ್ಜಿಯ ಹೇಳಿಕೆ. ಇನ್ಸ್‌ಪೆಕ್ಟರ್ ಹೊಸದೊಂದನ್ನು ಬರೆಸಿ ಓದಿದರು: ಈ ಬಂದೂಕು ನಮ್ಮ ಮನೆಯಲ್ಲಿ ಹಾರಿಲ್ಲ, ನಾನು ಮೊದಲು ಹೇಳಿದ್ದು ತಪ್ಪು. ಶಾಯಿಯ ಪ್ಯಾಡನ್ನು ಮುಂದೆ ತಳ್ಳಿದರು. ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅಂಗಾರೆ ನಾನು ಕೇಳಿದ್ದೇನು?"

ಮಗ ಕೂತಲ್ಲಿಂದಲೇ ಬೇಡಿಕೊಂಡ. ಎಲ್ಲ ಮುಗಿದಿದೆ, ಇದೊಂದು ಒತ್ತಿಬಿಡು ಎಂದ. ಅವಳು ನನ್ನ ಕಡೆ ತಿರುಗಿದಳು. ಓದಿದವಳು ನೀನು, ನೀನು ಹೇಳು ಎಂಬಂತೆ. ಆಗ ನಾನು ಮಾಡಿದ್ದು ನನಗೆ ಗೊತ್ತಿರುವ ಒಂದೇ ಕೆಲಸ. ಇನ್ನೊಂದು ಕಡೆಯಿಂದ ನೋಡುವುದು. ಸದ್ದಾದಾಗ ನೀವು ಎಲ್ಲಿದ್ದಿರಿ ಎಂದು ಕೇಳಿದೆ. ಒಳಗೆ. ಬಾಗಿಲು? ಹಾಕಿತ್ತು. ಬಂದೂಕು ಯಾರ ಕೈಯಲ್ಲಿತ್ತೆಂದು ಆಗ ಕಂಡಿತ್ತೇ? ಇಲ್ಲ, ಆಮೇಲೆ ಮಾವನ ಹೆಗಲ ಮೇಲೆ ಕಂಡದ್ದು. ಇದರಲ್ಲೇ ಹಾರಿಸಿದೆ ಎಂದು ಮಾವ ಹೇಳಿದರೇ? ಅವಳು ಯೋಚಿಸಿದಳು. ಆನೆ ಹೋಯಿತು ಎಂದಷ್ಟೇ ಹೇಳಿದ್ದು, ಅವರು ಜಾಸ್ತಿ ಮಾತಾಡುವವರಲ್ಲ ಎಂದಳು.

ಇಷ್ಟನ್ನೇ ಬರೆಯಿರಿ ಎಂದು ನಾನು ಇನ್ಸ್‌ಪೆಕ್ಟರನ್ನು ಕೇಳಿಕೊಂಡೆ. ಸದ್ದು ಕೇಳಿದೆ, ಹಾರಿದ್ದನ್ನು ನೋಡಲಿಲ್ಲ, ಬಂದೂಕನ್ನು ಕಂಡದ್ದು ಆಮೇಲೆ. ತಪ್ಪು ಎಂಬ ಪದ ಬೇಡ. ಅವರು ಆರ್ಮರರ್ ಮುಖ ನೋಡಿದರು. ಆರ್ಮರರ್ ಭುಜ ಕುಣಿಸಿ, ಅಷ್ಟು ಸಾಕು ಎಂದರು. ಹೊಸ ಹಾಳೆ ಬಂತು.

ಓದಿ ಹೇಳಿದ ಮೇಲೂ ಅಜ್ಜಿ ಹೆಬ್ಬೆಟ್ಟು ಮುಂದಕ್ಕೆ ಚಾಚಲಿಲ್ಲ. "ನಂದು ಸರಿ. ನೀನು ಬರ್ಕೊಟ್ಟಿದ್ದೀಯಲ್ಲ ಕಾಗ್ದ, ಅದ್ರಾಗೆ ಆ ಸದ್ದು ಏನಂತ ಬರ್ದಿದ್ದೀಯಾ?"

ಅದರಲ್ಲಿ ಸದ್ದಿನ ವಿಷಯ ಇಲ್ಲ ಎಂದೆ.

"ಯಾಕಿಲ್ಲ?"

"ಅದೇನು ಅಂತ ನನಗೆ ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂತಾನೇ ಬರಿ ಮತ್ತೆ."

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡರು. ನಾನು ಫೈಲಿನಿಂದ ನನ್ನ ವರದಿಯನ್ನು ತೆಗೆಸಿ, ಸಹಿಯ ಮೇಲೆ ಉಳಿದಿದ್ದ ಜಾಗದಲ್ಲಿ ತಮಿಳಿನಲ್ಲಿ ಒಂದು ಸಾಲು ಸೇರಿಸಿ, ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ: ಮನೆಯವರು ಕೇಳಿದೆವೆಂದು ಹೇಳುವ ಸದ್ದು ಯಾವುದರದೆಂದು ಈ ಪರೀಕ್ಷೆಯಿಂದ ತಿಳಿಯಲಾಗದು.

"ಕೇಳಿದೆವೆಂದು ಹೇಳುವ ಅಲ್ಲ" ಎಂದಳು ಅಜ್ಜಿ. "ಕೇಳಿದ."

ನನ್ನ ಸಹಿ ಇರುವ ಕಾಗದದಲ್ಲಿ ನಾನು ಅಳೆಯದ ಮಾತೊಂದನ್ನೂ ಅದುವರೆಗೆ ಬರೆದಿರಲಿಲ್ಲ. ಅವಳು ಕಾಯುತ್ತಿದ್ದಳು. ಆ ಮಾತುಗಳನ್ನು ಹೊಡೆದುಹಾಕಿ, 'ಕೇಳಿದ ಸದ್ದು' ಎಂದು ಮಾಡಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಅಜ್ಜಿ ಹಾಳೆಯ ಮೇಲೆ ಕೈಯಾಡಿಸಿ, ಶಾಯಿ ಒಣಗಿತೋ ಎಂದು ಕೇಳಿ, ಆಮೇಲೆ ತನ್ನ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದಳು.